ಅಕ್ಕೋರ ಸಮುದ್ರ

ಅಕ್ಕೋರಿಗೆ ಅಣ್ಣ ಇರಲಿಲ್ಲ. ತಮ್ಮನೂ ಇರಲಿಲ್ಲ. ಮೂವರು ಅಕ್ಕತಂಗಿಯರಲ್ಲಿ ನಡುವಿನವರು ಅವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರು ತೀರಿಕೊಂಡ ಮೇಲೆ ನಮ್ಮ ಕಂಪನಿಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮಾಲಕರು ಮೈಕು ಹಿಡಿದು, ಕಣ್ಣು ಒರೆಸಿಕೊಂಡು, "ಅಕ್ಕೋರ ಅಣ್ಣ ಯುದ್ಧವಿಮಾನದ ಪೈಲಟ್ ಇದ್ದರು. ಹಾರಿ ಹೋದವರು ತಿರುಗಿ ಬರಲಿಲ್ಲ. ಆ ನೋವಿನಾಗ ಹುಟ್ಟಿದ್ದು ನಮ್ಮ ಈ ಆಟ" ಅಂದುಬಿಟ್ಟರು. ಮುಂದಿನ ಸಾಲಿನವರು ಮೂಗು ಒರೆಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು, "ಯಾವ ಅಣ್ಣರಿ? ಅವರಿಗೆ ಅಣ್ಣನs ಇರಲಿಲ್ಲ" ಅಂದೆ. ಮಾಲಕರು ಮೈಕಿಗೆ ಕೈ ಅಡ್ಡ ಹಿಡಿದು, "ಕೂಡ್ರೋ ಮಾರಾಯಾ. ಮಂದಿಗೆ ಒಂದು ಕಾರಣ ಬೇಕಾಗತೈತಿ" ಅಂದರು.

ಕಾರಣವಂತೆ, ಕಾರಣ! ಒಬ್ಬ ಹೆಣ್ಣುಮಗಳು ತನ್ನ ಕೆಲಸ ಸರಿಯಾಗಿರಲಿ ಅಂತ ಹಟ ಹಿಡಿದರೆ ಅದರ ಹಿಂದೆ ಸತ್ತ ಅಣ್ಣನೋ ಬಿಟ್ಟುಹೋದ ಗಂಡನೋ ಇರಲೇಬೇಕು ಇವರಿಗೆ. ಅಕ್ಕೋರ ಹಿಂದೆ ಯಾರೂ ಇರಲಿಲ್ಲ. ಸುಳ್ಳು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಅಷ್ಟೇ. ಅನ್ನದಲ್ಲಿ ಹರಳು ಸಿಕ್ಕವರ ಹಾಗೆ ಮುಖ ಮಾಡುತ್ತಿದ್ದರು.

ಧಾರವಾಡದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಹಳ ವರ್ಷ ಭೌತಶಾಸ್ತ್ರ ಕಲಿಸಿ, ಅಲ್ಲಿಯ ಆಡಳಿತದವರೊಡನೆ ಜಗಳಾಡಿ ಹೊರಬಿದ್ದು ನಮ್ಮಲ್ಲಿಗೆ ಬಂದವರು ಅವರು. ಕಲಿಸುತ್ತಿದ್ದವರಲ್ಲವೇ, ಅದಕ್ಕೇ ಎಲ್ಲರ ಬಾಯಲ್ಲೂ ಅಕ್ಕೋರು. ನಮ್ಮ ಕಂಪನಿ ಅಂದರೆ ಹುಬ್ಬಳ್ಳಿಯಲ್ಲಿ ಮಾಲಕರ ಅಜ್ಜನ ಕಾಲದ ಹತ್ತಿ ಗೋದಾಮಿನ ಮೇಲಂತಸ್ತು. ವ್ಯಾಪಾರಸ್ಥರ ಮನೆತನ, ಆದರೆ ಮಾಲಕರಿಗೆ ಚಿಕ್ಕಂದಿನಿಂದ ವಿಮಾನದ ಹುಚ್ಚು. ಕೆಳಗೆ ಅಣ್ಣಂದಿರು ಹತ್ತಿ ತೂಗುತ್ತಿದ್ದರೆ ಮೇಲೆ ಇವರು ಕಂಪ್ಯೂಟರ್ ಇಟ್ಟುಕೊಂಡು ಒಂದು ಆಟ ಮಾಡಲು ಹೊರಟರು. ಎರಡನೆಯ ಮಹಾಯುದ್ಧ, ಪೆಸಿಫಿಕ್ ಸಾಗರ, ಒಂದು ಕಡೆ ಅಮೆರಿಕದವರ ವಿಮಾನ, ಇನ್ನೊಂದು ಕಡೆ ಜಪಾನಿನವರದು. ಆಡುವವನೇ ಪೈಲಟ್, ಹಡಗಿನ ಮೇಲಿಂದ ಹಾರಿ ತಿರುಗಿ ಅದೇ ಹಡಗಿನ ಮೇಲೆ ಇಳಿಯಬೇಕು. ಕೈಯಲ್ಲಿ ಜಾಯ್‌ಸ್ಟಿಕ್, ಕಾಲಡಿ ಪೆಡಲ್, ಎದುರಿಗೆ ಪರದೆ. ಇದಕ್ಕೆ ಸಿಮ್ಯುಲೇಟರ್ ಅನ್ನುತ್ತಾರೆ. ಬರಿ ಢಂ ಢಂ ಅಂತ ಗುಂಡು ಹಾರಿಸುವ ಆಟವಲ್ಲ, ನಿಜವಾದ ವಿಮಾನ ಹೇಗೆ ಹಾರುತ್ತದೋ ಹಾಗೇ ಹಾರಬೇಕು. ಆ ಹಾರಾಟದ ಲೆಕ್ಕವೆಲ್ಲ ಅಕ್ಕೋರದು. ನನ್ನದು ನೀರು. ಅಮ್ಮಿನಬಾವಿಯ ಒಕ್ಕಲು ಮನೆತನದವನು, ಚಿತ್ರಕಲೆ ಕಲಿತು ಬಂದಿದ್ದೆ. ನನಗೆ ಸಮುದ್ರ ಬರೆಯಲು ಹಚ್ಚಿದ್ದರು.

ನಾನು ಬರೆದ ಮೊದಲ ಸಮುದ್ರವನ್ನು ಅಕ್ಕೋರು ಕನ್ನಡಕ ಹಣೆಗೇರಿಸಿ ನೋಡಿದರು.

"ಇದು ಯಾವ ಕೆರಿ?"

"ಸಮುದ್ರರಿ ಅಕ್ಕೋರ."

"ಸಮುದ್ರ ನೋಡೀಯೇನು ನೀ?"

"ಇಲ್ರಿ."

"ಗೊತ್ತಾಗತದ" ಅಂದು ಹೊರಟೇಹೋದರು. ಮರುವಾರ ಮಾಲಕರ ಹತ್ತಿರ ಕಾದಾಡಿ ನನ್ನನ್ನು ಕಾರವಾರಕ್ಕೆ ಕಳಿಸಿದರು. ಹೊರಡುವಾಗ ಹೇಳಿದ್ದು ಒಂದೇ ಮಾತು: "ನೀರು ನೋಡಬ್ಯಾಡ ತಮ್ಮಾ, ಗಾಳಿ ನೋಡಿ ಬಾ." ಅಲ್ಲಿ ದಂಡೆಯಲ್ಲಿ ಕೂತ ಮೇಲೆ ನನಗೆ ತಿಳಿಯಿತು. ಗಾಳಿ ಎತ್ತ ಬೀಸುತ್ತದೋ ನೊರೆಯ ಗೆರೆ ಅತ್ತ ಎಳೆದುಕೊಳ್ಳುತ್ತದೆ. ಆ ಕಾಲದ ಪೈಲಟ್‌ಗಳು ಮೇಲಿನಿಂದ ನೊರೆ ನೋಡಿಯೇ ಗಾಳಿಯ ದಿಕ್ಕು ಅಂದಾಜು ಮಾಡಬೇಕಿತ್ತು. ಗಾಳಿ ಗೊತ್ತಾಗದಿದ್ದರೆ ತಾನು ಎಷ್ಟು ಸರಿದೆ ಅನ್ನುವುದು ಗೊತ್ತಾಗುವುದಿಲ್ಲ, ಅದು ಗೊತ್ತಾಗದಿದ್ದರೆ ತನ್ನ ಹಡಗು ಸಿಗುವುದಿಲ್ಲ. ನಾನು ಅಲಂಕಾರಕ್ಕೆ ಅಂತ ಬಳಿಯುತ್ತಿದ್ದ ಬಿಳಿ ಬಣ್ಣ ಒಬ್ಬನ ಜೀವದ ಪ್ರಶ್ನೆಯಾಗಿತ್ತು. ಊರಿಗೆ ಬಂದು ಹಳೆಯದನ್ನೆಲ್ಲ ಅಳಿಸಿ ಮೊದಲಿನಿಂದ ಬರೆದೆ.

ಅಕ್ಕೋರು ಒಮ್ಮೆಯೂ ವಿಮಾನ ಹತ್ತಿದವರಲ್ಲ. ಯಾರಾದರೂ ಅದನ್ನು ಎತ್ತಿ ಆಡಿದರೆ, "ಸೂರ್ಯಾಂದು ಲೆಕ್ಕಾ ಮಾಡಿದವರು ಸೂರ್ಯಾನ ಮ್ಯಾಲ ಹೋಗಿ ಬಂದಿದ್ರೇನು?" ಅನ್ನುತ್ತಿದ್ದರು. ದಿನಾ ಧಾರವಾಡದಿಂದ ಬಸ್ಸಿನಲ್ಲಿ ಬರುತ್ತಿದ್ದರು, ಕೈಯಲ್ಲಿ ಅರ್ಧ ತುಂಬಿದ ನೀರಿನ ಬಾಟಲಿ. ಒಮ್ಮೆ ನಾನೂ ಜೊತೆಗಿದ್ದೆ; ಬೈರಿದೇವರಕೊಪ್ಪದ ಹತ್ತಿರ ತಿರುವಿನಲ್ಲಿ ಬಸ್ಸು ವಾಲಿದಾಗ ಬಾಟಲಿಯನ್ನು ನನ್ನ ಮೂಗಿನ ಮುಂದೆ ಹಿಡಿದು, "ನೋಡು, ಬಸ್ಸು ತಿರುಗಿದ್ದು ನೀರಿಗೆ ಗೊತ್ತಾತು. ವಿಮಾನ ಛಲೋತ್ನಂಗ ತಿರುಗಿದ್ರ ನೀರಿಗೂ ಗೊತ್ತಾಗೂದಿಲ್ಲ, ನಿನಗೂ ಗೊತ್ತಾಗೂದಿಲ್ಲ. ಮೋಡದಾಗ ಹೊಕ್ಕಾಂವ ನೆಟ್ಟಗ ಹೊಂಟೇನಿ ಅಂತ ತಿಳಕೊಂಡು ವಾರಿ ಆಗಿ ನೀರಿಗಿಳೀತಾನ" ಅಂದರು. ಕಂಡಕ್ಟರ್ ಹೆದರಿ ನಮ್ಮ ಕಡೆ ನೋಡಿದ.

ಆಟ ಸರಿ ಇದೆಯೋ ಅಂತ ಆಡಿ ನೋಡಲು ಕೂತವರಿಗಂತೂ ಮೊದಲ ತಿಂಗಳು ನರಕ. ಹಡಗಿನಿಂದ ಹಾರಿದ ಕೂಡಲೇ ವಿಮಾನ ಎಡಕ್ಕೆ ಎಳೆದುಕೊಂಡು ಹೋಗಿ ಬುಡುಂಗ್ ಅಂತ ನೀರಿಗೆ. ಎಲ್ಲರೂ ಸೇರಿ ಮಾಲಕರ ಹತ್ತಿರ ದೂರು ಒಯ್ದರು, ಆಟ ಕೆಟ್ಟಿದೆ ಅಂತ. "ಕೆಟ್ಟಿಲ್ಲ. ಪಂಖಾ ತಿರುಗೂದರ ಉಲ್ಟಾ ಕಡೆಗೆ ಎಳೀತದ. ಬಲಗಾಲು ಯಾಕ ಕೊಟ್ಟಾನ ದೇವರು? ಒತ್ರಿ" ಅಂದರು ಅಕ್ಕೋರು. ಜಪಾನಿನ ವಿಮಾನ ಹಗುರ, ತಿರುಗುವುದರಲ್ಲಿ ಅದರ ಬೆನ್ನು ಹತ್ತುವಂತಿಲ್ಲ, ಆದರೆ ಗುಂಡು ತಾಗಿದರೆ ಭಗ್ಗನೆ ಉರಿಯುತ್ತದೆ. ಅಮೆರಿಕದ್ದು ಎಮ್ಮೆಯ ಹಾಗೆ ಭಾರ, ಆದರೆ ಪೆಟ್ಟು ತಿಂದೂ ಮನೆಗೆ ಬರುತ್ತದೆ. ಎರಡನ್ನೂ ಸರಿಸಮ ಮಾಡಿದರೆ ಆಟ ಚೆಂದ ಅಂದರು ಮಾಲಕರು. "ಸರಿಸಮ ಮಾಡ್ಲಿಕ್ಕೆ ಇದೇನು ನಿಮ್ಮ ಅಣ್ಣತಮ್ಮಂದಿರ ಪಾಲೇನ್ರಿ?" ಅಂದರು ಇವರು. ಕೆಳಗೆ ಗೋದಾಮಿನ ಪಾಲಿನ ಜಗಳ ನಡೆದಿದ್ದ ಕಾಲ ಅದು. ಮಾಲಕರು ಹಲ್ಲು ಕಚ್ಚಿಕೊಂಡು ನಕ್ಕರು.

ವೈರಿಯ ವಿಮಾನದ ತಲೆಯ ಮೇಲೆ ಕೆಂಪು ಗುರುತು ಇಡಲಿಲ್ಲ ಅಕ್ಕೋರು. ದೂರದಲ್ಲಿ ಅದು ಒಂದು ಕರಿ ಚುಕ್ಕೆ, ಅಷ್ಟೇ. ನಮ್ಮಲ್ಲೊಬ್ಬ ಪರದೆಯ ಮೇಲೆ ಕಸ ಕೂತಿದೆ ಅಂತ ಕರ್ಚೀಫಿನಿಂದ ಒರೆಸುತ್ತ ಕೂತ. ಆ ಕಸ ಬಂದು ಅವನನ್ನು ಹೊಡೆದು ಕೆಡವಿತು. ಅಂದು ಅಕ್ಕೋರು ನಕ್ಕದ್ದು ಕೆಳಗಿನ ಹಮಾಲರಿಗೂ ಕೇಳಿಸಿತ್ತು.

ಆಟದಲ್ಲಿ ಸತ್ತವನು ಆ ದಿನ ಮತ್ತೆ ಆಡುವಂತಿಲ್ಲ. ಮರುದಿನ ಬೇರೆ ಹೆಸರಿಟ್ಟುಕೊಂಡು ಬರಬೇಕು, ಹಳೆಯ ಹೆಸರು ಸತ್ತ ಹಾಗೆ. ಒಬ್ಬ ತನ್ನ ಹೆಸರು ಮುಗಿಸಿ, ಗೆಳೆಯರದು ಮುಗಿಸಿ, ಸೋದರಮಾವಂದಿರ ಹೆಸರು ಒಂದೊಂದಾಗಿ ಇಡತೊಡಗಿದ. ಅದು ಮನೆಯಲ್ಲಿ ಗೊತ್ತಾಗಿ ಅವನ ಅವ್ವ ಕಂಪನಿಗೇ ಬಂದಳು. "ಇದ್ದ ಮಂದೀನ ಹಿಂಗ ಸಾಯಸ್ತೀರೇನು? ನಿಮಗ ಅಕ್ಕತಂಗ್ಯಾರು, ಅಣ್ಣತಮ್ಮಂದಿರು ಇಲ್ಲೇನು?" ಅಂತ ಬೈದಳು. ಅಕ್ಕೋರು ಆಕೆಗೆ ಚಹಾ ಕುಡಿಸಿ, ಕೈಮುಗಿದು ಕಳಿಸಿದರು. ನಿಯಮ ಮಾತ್ರ ಬದಲಿಸಲಿಲ್ಲ.

ಇನ್ನು ನಿಲ್ಲಿಸುವ ಗುಂಡಿ. ಎಲ್ಲ ಆಟದಲ್ಲೂ ಇರುತ್ತದೆ, ಒತ್ತಿದರೆ ಎಲ್ಲ ನಿಂತ ಹಾಗೆ ನಿಲ್ಲುತ್ತದೆ. ಅಕ್ಕೋರ ಆಟದಲ್ಲಿ ಇರಲಿಲ್ಲ. "ಆಕಾಶದಾಗ ಎಲ್ಲಿ ನಿಲ್ತೀ?" ಅನ್ನುತ್ತಿದ್ದರು. ನಿಜವಾದ ಪೈಲಟ್ ಖಾಲಿ ನೀರಿನ ಮೇಲೆ ತಾಸುಗಟ್ಟಲೆ ಹಾರುತ್ತಿದ್ದ ಅಂದರೆ ನಮ್ಮವನೂ ತಾಸುಗಟ್ಟಲೆ ಹಾರಬೇಕು. ಏನೂ ಆಗುವುದಿಲ್ಲ, ಬರಿ ನೀರು. "ಬ್ಯಾಸರ ಬರಬೇಕು. ಬ್ಯಾಸರ ಬಂದಾಗನ ಮನಶ್ಯಾ ತಪ್ಪು ಮಾಡ್ತಾನ" ಅನ್ನುವುದು ಅವರ ಮಾತು. ತಾವೂ ಹಾಗೇ ಹಾರುತ್ತಿದ್ದರು. ಎಡಗೈಯಲ್ಲಿ ಜಾಯ್‌ಸ್ಟಿಕ್, ತೊಡೆಯ ಮೇಲೆ ಮೆಂತ್ಯಪಲ್ಯದ ಕಟ್ಟು, ಬಲಗೈಯಿಂದ ಎಲೆ ಬಿಡಿಸಿ ಸೋಸುತ್ತ ಸೋಸುತ್ತ ಪೆಸಿಫಿಕ್ ದಾಟುತ್ತಿದ್ದರು. ಹೋಗುವಾಗ ಪಲ್ಯ ಮುಗಿಯುತ್ತಿತ್ತು. ಬರುವಾಗ ಬಾಯಿ ಮುಚ್ಚಿಕೊಂಡು ಹಡಗು ಹುಡುಕುತ್ತಿದ್ದರು, ಯಾಕೆಂದರೆ ಹೊರಟ ಜಾಗದಲ್ಲಿ ಹಡಗು ಇರುವುದಿಲ್ಲ. ಅದೂ ಸಾಗಿರುತ್ತದೆ. ಎತ್ತ ಸಾಗಿದೆ, ಎಷ್ಟು ಸಾಗಿದೆ ಅಂತ ಲೆಕ್ಕ ಹಾಕಿ ಹೋಗಬೇಕು. ತಪ್ಪಿದರೆ ಮತ್ತೆ ನೀರೇ.

ಅವರೇನು ದೇವತೆಯಾಗಿರಲಿಲ್ಲ. ಬಾಯಿ ಕತ್ತರಿ. ಉಪ್ಪಿನಬೆಟಗೇರಿಯಿಂದ ಬರುತ್ತಿದ್ದ ಒಬ್ಬ ಹುಡುಗಿಯನ್ನು ಎಲ್ಲರ ಮುಂದೆ "ನಿನಗ ಲೆಕ್ಕಾ ಕಲಿಸಿದವರು ಯಾರು, ಅವರ ಮ್ಯಾಲ ಕೇಸು ಹಾಕಬೇಕು" ಅಂದು ಅಳಿಸಿದ್ದರು. ತಪ್ಪಾಯಿತು ಅನ್ನುವ ಪದ ಅವರ ಬಾಯಿಂದ ನಾನು ಕೇಳಿಲ್ಲ. ಅದೇ ಹುಡುಗಿಯನ್ನು ಮುಂದೊಮ್ಮೆ ಅವರು ಹೊಗಳಿದ್ದನ್ನೂ ಕಂಡಿದ್ದೇನೆ. ಅವರು ಯಾರನ್ನಾದರೂ ಬಾಯಿತುಂಬ ಹೊಗಳಿದ್ದು ಅದೊಂದೇ ಸಲ ಇರಬೇಕು.

ಅದು ದೋಣಿಯ ಮಾತು. ನೀರಿಗೆ ಬಿದ್ದವನನ್ನು ಎತ್ತಲು ಒಂದು ದೋಣಿಯ ಏರ್ಪಾಡು ಮಾಡಿದ್ದರು ಅಕ್ಕೋರು. ಆದರೆ ಅದು ಸುಮ್ಮನೆ ಬರುತ್ತಿರಲಿಲ್ಲ. ನೀನು ಬಿದ್ದದ್ದನ್ನು ಜೊತೆಗಾರ ನೋಡಿರಬೇಕು. ನೋಡಿದವನು ನಿನ್ನ ತಲೆಯ ಮೇಲೆ ಸುತ್ತು ಹಾಕುತ್ತ ಇರಬೇಕು, ತನ್ನ ಎಣ್ಣೆ ಸುಟ್ಟುಕೊಂಡು. ಆಗ ಜಾಗ ಗೊತ್ತಾಗಿ ದೋಣಿ ಬಂದರೂ ಬಂದೀತು, ಬರದಿದ್ದರೂ ಇಲ್ಲ. ಯಾರೂ ನೋಡದೆ ಬಿದ್ದವನು ಹೋದ. ಉಪ್ಪಿನಬೆಟಗೇರಿಯ ಹುಡುಗಿ ಒಂದು ದಿನ ತನ್ನ ಜೊತೆಗಾರನ ಮೇಲೆ ಸುತ್ತುತ್ತ ಸುತ್ತುತ್ತ ಎಣ್ಣೆ ಮುಗಿಸಿಕೊಂಡು ತಾನೂ ಬಿದ್ದಳು. ದೋಣಿ ಅವನನ್ನು ಎತ್ತಿತು, ಇವಳು ಹೋದಳು. ಅಕ್ಕೋರು ಎದ್ದು ಬಂದು ತಮ್ಮ ಊಟದ ಡಬ್ಬಿ ಅವಳ ಮುಂದಿಟ್ಟು, "ಖರೇ ಆಟಾ ಇವತ್ತ ನೀ ಆಡಿದೆವ್ವಾ. ನಾ ಬರೆದದ್ದು ಇದಕ್ಕs" ಅಂದರು. ಅವಳ ಕೆನ್ನೆ ಸವರಿದರು. ಅವರ ಕಣ್ಣಲ್ಲಿ ನೀರಿತ್ತು, ನಾನು ನೋಡಿದ್ದೇನೆ.

ಇಂಥ ಆಟಕ್ಕೆ ಕೇಡು ಬಂದದ್ದು ಹೋಳಿಗೆಯಿಂದ. ನಗಬೇಡಿ.

ಆಟವನ್ನು ದೇಶವೆಲ್ಲ ಮಾರುತ್ತೇವೆ ಅಂತ ಮುಂಬೈಯಿಂದ ಇಬ್ಬರು ಬಂದರು. ಮಾಲಕರು ತಾವೇ ಹಾರಿಸಿ ತೋರಿಸುತ್ತೇನೆ ಅಂತ ಕೂತರು. ಹಾರಿದರು, ವೈರಿಯನ್ನು ಕಂಡರು, ಎರಡು ವಿಮಾನ ಕೆಡವಿದರು. ಸುಳ್ಳೇಕೆ, ಚೆನ್ನಾಗಿಯೇ ಹಾರಿಸಿದರು. ಅತಿಥಿಗಳು ಚಪ್ಪಾಳೆ ತಟ್ಟಿದರು. ಇನ್ನು ಹಡಗಿಗೆ ಮರಳುವುದಷ್ಟೇ ಬಾಕಿ. ಅಷ್ಟರಲ್ಲಿ ಮಾಲಕರ ಮನೆಯಿಂದ ಊಟ ಬಂತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹೋಳಿಗೆ. ಬಿಸಿ ಆರುತ್ತದೆ ಅಂತ ಮಾಲಕರು ವಿಮಾನವನ್ನು ನೆಟ್ಟಗೆ ಬಿಟ್ಟು ಎದ್ದರು.

"ಊಟಾ ಲಗೂ ಮುಗಸ್ರಿ. ಎಣ್ಣಿ ಭಾಳ ಇಲ್ಲ" ಅಂದರು ಅಕ್ಕೋರು.

"ಏ, ಬರ್ರಿ ಅಕ್ಕೋರ, ನೀವೂ ಎರಡು ತುತ್ತು ತಿನ್ರಿ."

ಎರಡು ತುತ್ತಂತೆ! ನಮ್ಮ ಕಡೆ ಉಣಿಸುವುದು ಅಂದರೆ ಗೊತ್ತಲ್ಲ. ಮುಂಬೈಯವರು ಸಾಕು ಅಂದರೆ ಮಾಲಕರು ಕೇಳಬೇಕಲ್ಲ. "ಒಂದs ತಿಂದ್ರ ಹೆಂಗ್ರಿ, ನಮ್ಮ ಮನೀವ್ರು ಬೇಜಾರ ಮಾಡ್ಕೋತಾರ" ಅಂತ ಎಲೆಗೆ ಅಡ್ಡ ಹಿಡಿದ ಕೈ ಸರಿಸಿ ಹೋಳಿಗೆ ಹಾಕಿದರು, ಮೇಲೆ ತುಪ್ಪ. ಅಕ್ಕೋರು ಎರಡು ಸಲ ಬಾಗಿಲಿಗೆ ಬಂದು ನಿಂತರು. ಮೂರನೆಯ ಸಲ, "ಹಡಗು ದಾಟಿ ಹೋತ್ರಿ ನಿಮ್ಮ ವಿಮಾನ" ಅಂದರು. "ಹೋಗ್ಲಿ ಬಿಡ್ರಿ, ತಿರುಗಿಸಿದ್ರಾತು" ಅಂದು ಮಾಲಕರು ಮಜ್ಜಿಗೆ ಬಡಿಸಿದರು. ಎಲೆಯಡಿಕೆ ಹಾಕಿಕೊಂಡು ಬಂದು ನೋಡಿದರೆ ಪರದೆಯ ತುಂಬ ನನ್ನ ನೀರು. ಎಂಜಿನ್ನಿನ ಸದ್ದಿಲ್ಲ. ಮೂಗು ಕೆಳಗಾಯಿತು, ಒಮ್ಮೆ ನೊರೆ ಎದ್ದಿತು, ಪರದೆ ಕಪ್ಪಾಯಿತು.

"ಇನ್ನೊಮ್ಮೆ ಹಚ್ಚಿ" ಅಂದರು ಮುಂಬೈಯವರು ಹಿಂದಿಯಲ್ಲಿ.

"ಇವತ್ತು ಆಗುವುದಿಲ್ಲ. ಇವರು ಸತ್ತಿದ್ದಾರೆ" ಅಂದರು ಅಕ್ಕೋರು, ಅವರೂ ಹಿಂದಿಯಲ್ಲೇ, ಮಾಲಕರ ಕಡೆ ಬೆರಳು ಮಾಡಿ.

ಮಾಲಕರ ಮುಖ ಸುಟ್ಟ ಬದನೆಕಾಯಿಯಾಯಿತು. ಮುಂಬೈಯವರು ನಕ್ಕರು, ಆದರೆ ಹೋಗುವಾಗ ಮೂರು ಷರತ್ತು ಹಾಕಿ ಹೋದರು. ನಿಲ್ಲಿಸುವ ಗುಂಡಿ ಬೇಕು. ಹಡಗು ಎಲ್ಲಿದೆ ಅಂತ ತೋರಿಸುವ ಬಾಣದ ಗುರುತು ಬೇಕು. ನೀರಿಗೆ ಬಿದ್ದವನಿಗೆ ದೋಣಿ ಪ್ರತಿಸಲ ಬರಬೇಕು.

ಅಕ್ಕೋರು ಹಟಮಾರಿ ಅಂತ ಊರೆಲ್ಲ ಹೇಳುತ್ತಾರಲ್ಲ, ಮೊದಲಿನ ಎರಡಕ್ಕೆ ಅವರು ಒಪ್ಪಿದರು. "ಕಲಿಯೋರಿಗೆ ಇರ್ಲಿ. ಬ್ಯಾಡಾದವರು ತಗದು ಆಡ್ತಾರ" ಅಂದು ತಾವೇ ಮಾಡಿಕೊಟ್ಟರು. ಮೂರನೆಯದಕ್ಕೆ ಮಾತ್ರ ಆಗುವುದಿಲ್ಲ ಅಂದರು. ಬೇಕಾದರೆ ಸುಲಭದ ಆಟದಲ್ಲಿ ಬರಲಿ, ಕಠಿಣದ್ದರಲ್ಲಿ ಬೇಡ ಅಂತ ಬೇಡಿಕೊಂಡರು. ಅಕ್ಕೋರು ಬೇಡಿಕೊಂಡದ್ದು ನಾನು ಕಂಡದ್ದು ಅಂದೇ.

"ಒಂದು ದೋಣಿ ಸಂಬಂಧ ಇಷ್ಟ್ಯಾಕರಿ ಅಕ್ಕೋರ? ಆಡಾಂವಗ ಸಮಾಧಾನ ಆಗತೈತಿ" ಅಂದರು ಮಾಲಕರು.

"ಗುಂಡು ತಾಗದನೂ ಹೋದವರು ಭಾಳ ಮಂದಿ ಇದ್ರು ಆ ಯುದ್ಧದಾಗ. ದಾರಿ ತಪ್ಪಿ, ಎಣ್ಣಿ ತೀರಿ. ಅವರನ್ನ ಯಾರೂ ನೋಡ್ಲಿಲ್ಲ. ಅದನ್ನ ತಗದ್ರ ನನ್ನ ಆಟದಾಗ ಏನು ಉಳೀತದ, ಹೇಳ್ರಿ?"

"ನಿಮ್ಮ ಆಟ?" ಅಂದರು ಮಾಲಕರು.

ಅಷ್ಟೇ. ಅದಾದ ಮೇಲೆ ಅವರನ್ನು ಬೈಯಲಿಲ್ಲ, ತೆಗೆದುಹಾಕಲಿಲ್ಲ. ವ್ಯಾಪಾರಸ್ಥರು ಹಾಗೆ ಮಾಡುವುದಿಲ್ಲ. ಅವರ ಕಂಪ್ಯೂಟರನ್ನು ಕಿಟಕಿಯ ಹತ್ತಿರದಿಂದ ಎಬ್ಬಿಸಿ ಮೆಟ್ಟಿಲ ಕೆಳಗಿನ ಕೋಣೆಗೆ ಒಯ್ದರು, ಮಕ್ಕಳ ಮಗ್ಗಿಯ ಆಟ ಮಾಡಲು ಹೇಳಿದರು. ದೋಣಿಯ ಕೆಲಸ ಬೇರೊಬ್ಬನಿಗೆ ಹೋಯಿತು. ನಾನು ಮಾಲಕರ ಕೋಣೆಗೆ ಹೋಗಿ ಕೂಗಾಡಿದೆ. "ನೀ ನೀರು ಬರಿಯಪಾ" ಅಂದರು. ಹೊರಗೆ ಬಂದಾಗ ಯಾರೊಬ್ಬರೂ ಪರದೆಯಿಂದ ತಲೆ ಎತ್ತಲಿಲ್ಲ, ಅಕ್ಕೋರ ಕೈಯಡಿ ಪಳಗಿದವರೇ ಎಲ್ಲ. ಥೂ! ಒಂದು ಶನಿವಾರ ಅಕ್ಕೋರು ತಮ್ಮ ಬಾಟಲಿ, ಕನ್ನಡಕದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಧಾರವಾಡದ ಬಸ್ಸು ಹಿಡಿದರು. ಮತ್ತೆ ಬರಲಿಲ್ಲ. ಆಟ ಮಾರುಕಟ್ಟೆಗೆ ಬಂದಾಗ ಕೊನೆಯಲ್ಲಿ ಪರದೆಯ ಮೇಲೆ ಏರುವ, ಕೆಲಸ ಮಾಡಿದವರ ಹೆಸರುಗಳಲ್ಲಿ ಊಟ ತಂದುಕೊಡುತ್ತಿದ್ದವನದೂ ಇತ್ತು, ಅಕ್ಕೋರದು ಇರಲಿಲ್ಲ.

ಅಕ್ಕೋರು ಕಾಯಿಲೆ ಬಿದ್ದ ಮೇಲೆ ಧಾರವಾಡದ ಮನೆಗೆ ಹೋಗಿ ಕಂಡೆ. ತಂಗಿ ನೋಡಿಕೊಳ್ಳುತ್ತಿದ್ದರು. ಅಕ್ಕೋರು ಹಿಡಿಯಷ್ಟಾಗಿದ್ದರು. ನನ್ನನ್ನು ಕಂಡವರೇ, "ನಿನ್ನ ನೊರಿ ಹಂಗs ಇಟ್ಟಾರೇನು?" ಅಂತ ಕೇಳಿದರು. ಇಟ್ಟಿದ್ದಾರೆ ಅಂದೆ.

"ದೋಣಿ?"

ಸುಳ್ಳು ಹೇಳಬೇಕೆನಿಸಿತು. ಅವರ ಮುಂದೆ ಸುಳ್ಳು ಬರುತ್ತಿರಲಿಲ್ಲ. "ಬರತೈತ್ರಿ. ಎಲ್ಲಾರಿಗೂ ಬರತೈತಿ."

"ಹಂಗಾರ ಇನ್ನ ಯಾರ ಮ್ಯಾಲೂ ಯಾರೂ ಸುತ್ತು ಹಾಕೂದಿಲ್ಲ ಬಿಡು" ಅಂದರು. ಆಮೇಲೆ ತಂಗಿಗೆ, ಇವನಿಗೆ ಅವಲಕ್ಕಿ ಕೊಡು ಅಂದರು. ನನ್ನ ಜೊತೆ ಅವರು ಆಡಿದ ಕೊನೆಯ ಮಾತು ಅದು. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಈಗ ಕಂಪನಿಯವರು ಅಕ್ಕೋರ ನೆನಪಿನಲ್ಲಿ ಅಂತ ಆಟದ ಹೊಸ ಆವೃತ್ತಿ ತಂದಿದ್ದಾರೆ. ಇಲ್ಲದ ಅಣ್ಣನ ಕಥೆಯೂ ಅದರ ಜಾಹೀರಾತಿನಲ್ಲಿದೆ. ಪರೀಕ್ಷೆಗೆ ನನ್ನನ್ನೂ ಮೊನ್ನೆ ಮೊನ್ನೆ ಸೇರಿದ ಒಬ್ಬಾಕೆಯನ್ನೂ ಕೂಡಿಸಿದರು. ಅತಿ ಕಠಿಣದ್ದನ್ನೇ ಹಚ್ಚಿದೆವು. ಇಬ್ಬರೂ ಜೋಡಿಯಾಗಿ ಹಾರಿದೆವು. ನಾನು ಬೇಕಂತಲೇ ಹಡಗು ಬಿಟ್ಟು ದೂರ ಹೋಗಿ, ಎಣ್ಣೆ ಮುಗಿಸಿಕೊಂಡು ನೀರಿಗಿಳಿದೆ. ಆಕೆಯ ವಿಮಾನ ನನ್ನ ತಲೆಯ ಮೇಲೇ ಇತ್ತು. ನೋಡಿದಳು. ನೋಡಿ, ನೆಟ್ಟಗೆ ಹೊರಟಳು.

"ಯಾಕವಾ, ಬಿಟ್ಟು ಹೊಂಟಿ?" ಅಂದೆ.

"ದೋಣಿ ಬರತೈತಲ್ರಿ ಸರ್" ಅಂದಳು.

ಬಂತು. ನಾನು ಬರೆದ ನೊರೆಯನ್ನು ಸೀಳಿಕೊಂಡು ಸೀದಾ ನನ್ನ ಹತ್ತಿರವೇ ಬಂತು. ಯಾರು ನೋಡಲಿ ಬಿಡಲಿ, ತಪ್ಪದೆ ಬರುವ ಆ ದೋಣಿಯ ಮೈಮೇಲೆ ದಪ್ಪ ಬಿಳಿ ಅಕ್ಷರದಲ್ಲಿ ಅಕ್ಕೋರ ಹೆಸರು ಬರೆದಿದ್ದರು.